ಕಾರಿಗೆ ನ್ಯಾವಿಗೇಷನ್ ಪರದೆ ಕೂರಿಸುವುದು: ವೈರಿನಿಂದ ಮ್ಯಾಪ್‌ವರೆಗೆ

ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮೊಬೈಲ್ ಮ್ಯಾಪ್ ನಂಬಿಕೊಂಡು ಹೋದವರಿಗೆ ಇದು ಗೊತ್ತಿರುತ್ತದೆ. ನಾವು ಮೇನ್ ರೋಡಿನಲ್ಲೇ ಇರುತ್ತೇವೆ. ಮ್ಯಾಪ್ ಮಾತ್ರ ನಾವು ಸರ್ವಿಸ್ ರೋಡಿಗೆ ಇಳಿದಿದ್ದೇವೆ ಅಂದುಕೊಂಡು ‘ಎಡಕ್ಕೆ ತಿರುಗಿ’ ಅನ್ನುತ್ತದೆ. ಎಡಕ್ಕೆ ನೋಡಿದರೆ ಕಬ್ಬಿಣದ ಬೇಲಿ. ಇದನ್ನು ಪೂರ್ತಿ ಫೋನಿನ ತಪ್ಪು ಅನ್ನೋಕಾಗಲ್ಲ. ಬಯಲಿನಲ್ಲಿ ಒಳ್ಳೇ ಫೋನಿನ ಜಿಪಿಎಸ್ ಕೂಡ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ. ಮೇನ್ ರೋಡಿಗೂ ಸರ್ವಿಸ್ ರೋಡಿಗೂ ನಡುವೆ ಇರುವ ಜಾಗ ಎಷ್ಟೋ ಕಡೆ ಅದಕ್ಕಿಂತ ಜಾಸ್ತಿ ಇಲ್ಲ. ಫೋನನ್ನು ಗೇರಿನ ಪಕ್ಕದ ಕಪ್ ಹೋಲ್ಡರಿನಲ್ಲಿ ಇಟ್ಟಿದ್ದರಂತೂ ಕೇಳುವುದೇ ಬೇಡ.

ಇದರ ಮೇಲೆ ಬಿಸಿಲು. ಏಪ್ರಿಲ್‌ನಲ್ಲಿ ಗಾಜಿಗೆ ಅಂಟಿಸಿದ ಫೋನು ಮದ್ದೂರು ದಾಟುವಷ್ಟರಲ್ಲಿ ಕಾದುಹೋಗುತ್ತದೆ. ಪರದೆ ಮಬ್ಬಾಗುತ್ತದೆ, ಚಾರ್ಜ್ ಆಗುವುದು ನಿಲ್ಲುತ್ತದೆ. ಹೀಗಾಗಿ ಹಳೇ ಕಾರು ಇಟ್ಟುಕೊಂಡವರು ಹಳೇ ಸ್ಟೀರಿಯೋ ತೆಗೆದು ಜಿಪಿಎಸ್ ಇರುವ ಆಂಡ್ರಾಯ್ಡ್ ಪರದೆ ಕೂರಿಸುವುದು ಈಗ ಸಾಮಾನ್ಯ. ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ಆನ್‌ಲೈನಿನಲ್ಲೋ ಯೂನಿಟ್ ತರಿಸಿಕೊಂಡು, ಮೈಸೂರಿನಲ್ಲೋ ಮಂಡ್ಯದಲ್ಲೋ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸಿಕೊಳ್ಳುತ್ತಾರೆ. ಸ್ವಲ್ಪ ಕೈಗೆಲಸ ಗೊತ್ತಿದ್ದರೆ ನಾವೇ ಹಾಕಿಕೊಳ್ಳಬಹುದು. ಒಂದು ಭಾನುವಾರದ ಕೆಲಸ.

ನನ್ನ ಮಾತು ಒಂದೇ. ಪರದೆಯ ಇಂಚು ನೋಡುವುದಕ್ಕೆ ಕೊಡುವ ಸಮಯದ ಅರ್ಧವನ್ನಾದರೂ ಅದರ ಹಿಂದಿನ ವೈರಿಗೂ ಜಿಪಿಎಸ್ ಆಂಟೆನಾಗೂ ಕೊಡಿ. ಆರು ತಿಂಗಳಾದ ಮೇಲೆ ತಲೆನೋವು ಕೊಡುವುದು ಹೆಚ್ಚಾಗಿ ಅಲ್ಲೇ. ಇನ್ನೊಂದು, ಕಾರಿನ ಮೂಲ ವೈರಿಗೆ ಕತ್ತರಿ ಹಾಕಬೇಡಿ. ಹಾಕುವವರಿಗೂ ಬಿಡಬೇಡಿ.

ಮೊದಲು ಅಳತೆ

ಕಾರು ಸ್ಟೀರಿಯೋಗಳಿಗೆ ಎರಡು ಅಳತೆ ಇದೆ. ಸಿಂಗಲ್ ಡಿನ್ ಅಂದರೆ ಮುಂಭಾಗ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಡಬಲ್ ಡಿನ್ ಅಂದರೆ ಅಷ್ಟೇ ಅಗಲ, ಎತ್ತರ 100 ಮಿ.ಮೀ. ಟೊಯೊಟಾದ ಕೆಲವು ಕಾರುಗಳಲ್ಲಿ ಅಗಲ 200 ಮಿ.ಮೀ. ಇರುತ್ತದೆ. 7 ಇಂಚಿನ ಪರದೆ ಡಬಲ್ ಡಿನ್ ಜಾಗದಲ್ಲಿ ನೇರ ಕೂರುತ್ತದೆ. 9 ಅಥವಾ 10 ಇಂಚಿನದು ಬೇಕಿದ್ದರೆ ನಿಮ್ಮ ಕಾರಿನ ಮಾಡೆಲ್‌ಗೇ ಮಾಡಿದ ಪ್ಲಾಸ್ಟಿಕ್ ಫ್ರೇಮ್ ಬೇಕು. ಫ್ರೇಮ್ ಕೊಳ್ಳುವಾಗ ಮಾಡೆಲ್ ಹೆಸರು ಮಾತ್ರ ಹೇಳಿದರೆ ಸಾಲದು, ವರ್ಷವನ್ನೂ ಹೇಳಿ. ಅದೇ ಹೆಸರಿನ ಕಾರಿನ ಡ್ಯಾಶ್‌ಬೋರ್ಡ್ ಎರಡು ತಲೆಮಾರಿನಲ್ಲಿ ಪೂರ್ತಿ ಬದಲಾಗಿರುತ್ತದೆ.

ಆಳವನ್ನೂ ನೋಡಿ. ಹೊಸ ಯೂನಿಟ್‌ಗಳು ಹಳೇ ಸಿ.ಡಿ. ಪ್ಲೇಯರಿಗಿಂತ ತೆಳ್ಳಗಿವೆ, ಆದರೆ ಅವುಗಳ ಹಿಂದಿನಿಂದ ಹೊರಡುವ ವೈರಿನ ಕಂತೆ ದೊಡ್ಡದು. ಅದಕ್ಕೆ ಜಾಗ ಬೇಕು. 10 ಇಂಚಿನ ಪರದೆ ಎಸಿ ದ್ವಾರಕ್ಕೋ ಹಜಾರ್ಡ್ ಸ್ವಿಚ್ಚಿಗೋ ಅಡ್ಡ ಬರುತ್ತದೆಯಾ ಅಂತ ಒಂದು ರಟ್ಟು ಕತ್ತರಿಸಿ ಅಲ್ಲೇ ಹಿಡಿದು ನೋಡಿಬಿಡಿ. ಡ್ರೈವರ್ ಸೀಟಿನಲ್ಲಿ ಕೂತು ನೋಡಬೇಕು, ಪಕ್ಕದ ಸೀಟಿನಲ್ಲಿ ಅಲ್ಲ. ಡ್ಯಾಶ್‌ಬೋರ್ಡಿನ ಮೇಲೆ ತಲೆಯೆತ್ತಿ ನಿಲ್ಲುವ ಪರದೆ ರಸ್ತೆಯ ಒಂದು ತುಂಡನ್ನು ಮುಚ್ಚುತ್ತದೆ. ಹಳ್ಳಿ ರಸ್ತೆಯಲ್ಲಿ ಎಡಗಡೆಯಿಂದ ಕುರಿ ಅಡ್ಡ ಬರುವುದು ಅದೇ ತುಂಡಿನಲ್ಲಿ.

ಯೂನಿಟ್ ಆರಿಸುವಾಗ

2 ಜಿಬಿ ರ‍್ಯಾಮ್ ಇರುವುದು ಅಗ್ಗಕ್ಕೆ ಸಿಗುತ್ತದೆ. ಮ್ಯಾಪ್, ಹಾಡು, ರಿವರ್ಸ್ ಕ್ಯಾಮೆರಾ ಮೂರೂ ಒಟ್ಟಿಗೆ ಬಂದರೆ ಅದು ಏದುಸಿರು ಬಿಡುತ್ತದೆ. 4 ಜಿಬಿಗಿಂತ ಕಡಿಮೆ ಬೇಡ. ಪರದೆ ಐಪಿಎಸ್ ಆಗಿರಲಿ, ಇಲ್ಲದಿದ್ದರೆ ಓರೆಯಿಂದ ನೋಡಿದಾಗ ಕಪ್ಪಗೆ ಕಾಣುತ್ತದೆ. ರೆಸಲ್ಯೂಷನ್ 1024×600 ಇರುವುದಕ್ಕಿಂತ 1280×720 ಇರುವುದು ಒಳ್ಳೆಯದು, ಮ್ಯಾಪಿನ ಊರ ಹೆಸರುಗಳು ಒಡೆಯದೆ ಕಾಣುತ್ತವೆ. ಕನ್ನಡ ಅಕ್ಷರಕ್ಕಂತೂ ಇದು ಬೇಕೇ ಬೇಕು. ಒತ್ತಕ್ಷರ ಚಿಕ್ಕದಾದಷ್ಟೂ ಮಸುಕಾಗುತ್ತದೆ.

ಅಗ್ಗದ ಯೂನಿಟ್‌ಗಳಲ್ಲಿ ಒಂದು ಚಾಳಿ ಇದೆ. ಸೆಟ್ಟಿಂಗ್ಸ್‌ನಲ್ಲಿ ಆಂಡ್ರಾಯ್ಡ್ 13 ಅಂತ ಬರೆದಿರುತ್ತದೆ, ಒಳಗೆ ಇರುವುದು 10. ರ‍್ಯಾಮ್ ಲೆಕ್ಕದಲ್ಲೂ ಹೀಗೇ. ಅಂಗಡಿಯಲ್ಲೇ ಸಿಪಿಯು-ಝಡ್ ಅಥವಾ ಐಡಾ64 ಆ್ಯಪ್ ಹಾಕಿ ನೋಡಿ. ಅಂಗಡಿಯವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ, ದುಡ್ಡು ಕೊಡುವವರು ನಾವು ಅಲ್ವಾ.

ಆಂಡ್ರಾಯ್ಡ್ ಆಟೋ, ಆ್ಯಪಲ್ ಕಾರ್‌ಪ್ಲೇ ಇದ್ದರೆ ಫೋನಿನ ಮ್ಯಾಪೇ ಪರದೆಯ ಮೇಲೆ ಬರುತ್ತದೆ. ತುಂಬಾ ಜನಕ್ಕೆ ಇಷ್ಟೇ ಸಾಕು. ಆದರೆ ಹೆಚ್ಚಿನ ಅಗ್ಗದ ಯೂನಿಟ್‌ಗಳಲ್ಲಿ ಆಗ ಕೆಲಸ ಮಾಡುವುದು ಫೋನಿನ ಜಿಪಿಎಸ್, ಕಾರಿನ ಆಂಟೆನಾ ಅಲ್ಲ. ಫೋನು ಪ್ಯಾಂಟಿನ ಜೇಬಿನಲ್ಲಿ ಇದ್ದರೆ ಮೊದಲಿನ ಕಥೆಯೇ. ಯೂನಿಟ್ಟಿನೊಳಗೇ ಮ್ಯಾಪ್ ಆ್ಯಪ್ ಹಾಕಿಕೊಂಡು, ಇಂಟರ್ನೆಟ್ಟಿಗೆ ಫೋನಿನ ಹಾಟ್‌ಸ್ಪಾಟ್ ಕೊಟ್ಟರೆ ಮಾತ್ರ ಆಂಟೆನಾ ಹಾಕಿದ್ದಕ್ಕೆ ಬೆಲೆ.

ರಾಸ್ಪ್‌ಬೆರಿ ಪೈ ಬೋರ್ಡಿಗೆ ಪರದೆ ಜೋಡಿಸಿ ತಾವೇ ಕಟ್ಟುವ ಹುಡುಗರೂ ಇದ್ದಾರೆ. ಕಲಿಯೋಕೆ ಚೆನ್ನಾಗಿದೆ. ಪೈ 4ಕ್ಕೆ 5 ವೋಲ್ಟಿನಲ್ಲಿ 3 ಆಂಪ್ ಬೇಕು, ಸಿಗರೇಟ್ ಲೈಟರಿಗೆ ಚುಚ್ಚುವ ಅಗ್ಗದ ಚಾರ್ಜರ್ ಅಷ್ಟು ಕೊಡಲ್ಲ. ಕೀಲಿ ತೆಗೆದ ತಕ್ಷಣ ಕರೆಂಟ್ ಹೋದರೆ ಮೆಮೊರಿ ಕಾರ್ಡಿನಲ್ಲಿರುವುದೂ ಹಾಳಾಗುತ್ತದೆ. ಕೀಲಿ ತೆಗೆದ ಮೇಲೂ ಸ್ವಲ್ಪ ಹೊತ್ತು ಕರೆಂಟ್ ಹಿಡಿದಿಟ್ಟು, ಬೋರ್ಡನ್ನು ಸರಿಯಾಗಿ ಮಲಗಿಸುವ ಪವರ್ ಸರ್ಕೀಟ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ. ದಿನಾ ಆಫೀಸಿಗೆ ಹೋಗುವ ಕಾರಿಗೆ ನಾನಂತೂ ಅದನ್ನು ಹಾಕಲ್ಲ.

ಸಾಮಾನು

ಕಾರಿನ ಮೂಲ ಕಪ್ಲರಿಗೆ (ವೈರುಗಳೆಲ್ಲ ಬಂದು ಸೇರುವ ಪ್ಲಗ್ಗಿಗೆ) ನೇರ ಸಿಕ್ಕುವ ಅಡಾಪ್ಟರ್ ವೈರು ಎಲ್ಲಕ್ಕಿಂತ ಮುಖ್ಯ. ಮಾರುತಿಗೆ ಒಂದು, ಹ್ಯುಂಡೈಗೆ ಒಂದು, ಹೋಂಡಾಗೆ ಒಂದು. ಟೊಯೊಟಾದ ಹಲವು ಕಾರುಗಳಲ್ಲಿ ಹತ್ತು ಪಿನ್ನಿನದು ಒಂದು, ಆರು ಪಿನ್ನಿನದು ಒಂದು. ಯೂನಿಟ್ ಬೆಲೆಯ ಮುಂದೆ ಇದರ ಬೆಲೆ ಏನೂ ಅಲ್ಲ. ಸ್ಟೇರಿಂಗಿನ ಗುಂಡಿ, ಬಾಗಿಲು ತೆರೆದ ಸೂಚನೆ ಇವೆಲ್ಲ ಡಿಜಿಟಲ್ ಆಗಿ ಬರುವ ಹೊಸ ಕಾರುಗಳಿಗೆ ಆ ಸಂಕೇತಗಳನ್ನು ಯೂನಿಟ್ಟಿಗೆ ಅರ್ಥ ಮಾಡಿಸುವ ಕ್ಯಾನ್‌ಬಸ್ ಡಬ್ಬಿಯೂ ಬೇಕು.

ಇದರ ಜೊತೆ 10 ಮಿ.ಮೀ. ಸ್ಪ್ಯಾನರ್, ಸ್ಟಾರ್ ಸ್ಕ್ರೂಡ್ರೈವರ್, ಡ್ಯಾಶ್‌ಬೋರ್ಡ್ ಬಿಚ್ಚುವ ಪ್ಲಾಸ್ಟಿಕ್ ಸನಿಕೆ, ಕೆಲವು ನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್, ಬಿಸಿ ಮಾಡಿದರೆ ಕುಗ್ಗಿ ವೈರನ್ನು ಬಿಗಿಯಾಗಿ ಮುಚ್ಚುವ ಹೀಟ್ ಶ್ರಿಂಕ್ ಟ್ಯೂಬ್, ಬಟ್ಟೆ ಟೇಪು, ಜಿಪ್ ಟೈ. ಕರೀ ಪ್ಲಾಸ್ಟಿಕ್ ಟೇಪು ಬೇಡ. ಡ್ಯಾಶ್‌ಬೋರ್ಡಿನೊಳಗಿನ ಬಿಸಿಗೆ ಅದರ ಅಂಟು ಕರಗಿ, ಟೇಪು ಬಿಚ್ಚಿಕೊಂಡು ಜೋತಾಡುತ್ತದೆ. ವೈರು ಬರೀ ಮೈಯಲ್ಲಿ ಕೂತಿರುತ್ತದೆ.

ಬಿಚ್ಚುವುದು

ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಗಾಜು ಇಳಿಸಿ, ಕೀಲಿಯನ್ನು ಹೊರಗೆ ಇಟ್ಟುಕೊಳ್ಳಿ. ಹಳೇ ಸ್ಟೀರಿಯೋಗೆ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ, ಮುಂದೆ ಅದನ್ನೇ ವಾಪಸ್ ಹಾಕಬೇಕಾದರೆ ಕೇಳುತ್ತದೆ. ಬ್ಯಾಟರಿಯ ಮೈನಸ್ ತುದಿಯನ್ನು ಕಳಚಿ, ಮತ್ತೆ ತಾಗದ ಹಾಗೆ ಬಟ್ಟೆ ಸುತ್ತಿ. ಆಮೇಲೆ ಕೆಲವು ನಿಮಿಷ ಸುಮ್ನೆ ಕಾಯಿರಿ. ಏರ್‌ಬ್ಯಾಗ್ ಸರ್ಕೀಟಿನಲ್ಲಿ ಉಳಿದ ಚಾರ್ಜ್ ಇಳಿಯಬೇಕು. ಡ್ಯಾಶ್‌ಬೋರ್ಡಿನೊಳಗೆ ಹಳದಿ ಬಣ್ಣದ ಕಪ್ಲರ್ ಅಥವಾ ಹಳದಿ ಕವಚದ ವೈರು ಕಂಡರೆ ಮುಟ್ಟಲೇಬೇಡಿ, ಮಲ್ಟಿಮೀಟರ್ ಮುಳ್ಳನ್ನಂತೂ ತಾಗಿಸಲೇಬೇಡಿ. ಅದು ಏರ್‌ಬ್ಯಾಗಿನದು.

ಸ್ಟೀರಿಯೋ ಸುತ್ತಲಿನ ಪ್ಯಾನೆಲ್ ಹೆಚ್ಚಾಗಿ ಕ್ಲಿಪ್ಪಿನ ಮೇಲೆ ನಿಂತಿರುತ್ತದೆ. ಒಂದೇ ಮೂಲೆ ಹಿಡಿದು ಜಗ್ಗಬೇಡಿ. ಸನಿಕೆ ತೂರಿಸಿ ಒಂದೊಂದೇ ಕ್ಲಿಪ್ ಸಡಿಲಿಸುತ್ತಾ ಬನ್ನಿ. ‘ಟಕ್’ ಅಂತ ಸದ್ದು ಬಂದರೆ ಹೆದರಬೇಡಿ, ಕ್ಲಿಪ್ ಬಿಟ್ಟುಕೊಂಡ ಸದ್ದು ಅದು. ‘ಚರ್’ ಅಂದರೆ ಅಲ್ಲೇ ನಿಲ್ಲಿಸಿ, ಎಲ್ಲೋ ಸ್ಕ್ರೂ ಅಡಗಿದೆ. ಎಸಿ ದ್ವಾರದ ಒಳಗೆ, ಬೂದಿ ಡಬ್ಬಿಯ ಹಿಂದೆ, ಗ್ಲೋವ್ ಬಾಕ್ಸಿನ ಮೇಲಂಚಿನಲ್ಲಿ ಟಾರ್ಚ್ ಹಾಕಿ ಹುಡುಕಿ. ಹತ್ತು ವರ್ಷ ಬಿಸಿಲು ಕುಡಿದ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ, ಅದಕ್ಕೆ ಅವಸರ ಆಗಲ್ಲ. ಪ್ಯಾನೆಲ್ ಕೈಗೆ ಬಂದ ಮೇಲೆ ಅದರ ಹಿಂದೆ ಹಜಾರ್ಡ್ ಸ್ವಿಚ್ಚಿನ ವೈರು ಇರುತ್ತದೆ, ಅದನ್ನು ಬಿಡಿಸಿ. ಪ್ರತಿ ಹಂತದಲ್ಲೂ ಫೋಟೋ ತೆಗೆಯಿರಿ. ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಮಾಸ್ಕಿಂಗ್ ಟೇಪಿಗೆ ಅಂಟಿಸಿಡಿ.

ವೈರು: ಇಲ್ಲಿ ನಿಧಾನ

ಹೊಸ ಯೂನಿಟ್ಟಿನ ವೈರುಗಳಿಗೆ ಬಣ್ಣದ ಪದ್ಧತಿ ಇದೆ. ಹಳದಿ ಅಂದರೆ ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್. ಕೆಂಪು ಅಂದರೆ ಎಸಿಸಿ, ಕೀಲಿ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟ್. ಕಪ್ಪು ಅಂದರೆ ಅರ್ತ್. ನೀಲಿ, ಆಂಟೆನಾ ಅಥವಾ ಆ್ಯಂಪ್ಲಿಫೈಯರ್ ಎಬ್ಬಿಸುವುದಕ್ಕೆ. ಕಿತ್ತಳೆ, ಹೆಡ್‌ಲೈಟ್ ಹಾಕಿದಾಗ ಪರದೆ ಮಂದ ಮಾಡುವುದಕ್ಕೆ. ಸ್ಪೀಕರಿನವು ಜೋಡಿ ಜೋಡಿಯಾಗಿ ಬರುತ್ತವೆ: ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಮೈನಸ್.

ಇದೆಲ್ಲ ಯೂನಿಟ್ ಕಡೆಯ ಬಣ್ಣ. ಕಾರಿನ ಕಡೆ ಬಣ್ಣಗಳು ಕಂಪನಿಯ ಇಷ್ಟ. ಅವುಗಳನ್ನು ನಂಬಬೇಡಿ, ಮೀಟರನ್ನು ನಂಬಿ. ವೈರೆಲ್ಲ ದೂರ ದೂರ ಇದ್ದು ಯಾವುದೂ ತಾಗುತ್ತಿಲ್ಲ ಅಂತ ನೋಡಿ, ಬಿಚ್ಚಿದ ಏರ್‌ಬ್ಯಾಗ್ ಕಪ್ಲರ್ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಬ್ಯಾಟರಿ ಮೈನಸ್ ಹಾಕಿ. ಮೀಟರಿನ ಕಪ್ಪು ಮುಳ್ಳು ಕಾರಿನ ಲೋಹದ ಮೈಗೆ, ಕೆಂಪು ಮುಳ್ಳು ಕಪ್ಲರಿನ ಒಂದೊಂದು ಪಿನ್ನಿಗೆ. ಕೀಲಿ ಇಲ್ಲದೆಯೂ 12.5ರ ಆಸುಪಾಸು ತೋರಿಸಿದರೆ ಅದು ಬ್ಯಾಟರಿ ಲೈನ್. ಕೀಲಿಯನ್ನು ಎಸಿಸಿಗೆ ತಿರುಗಿಸಿದಾಗ ಮಾತ್ರ ಬಂದರೆ ಎಸಿಸಿ. ಪಾರ್ಕಿಂಗ್ ಲೈಟ್ ಹಾಕಿದಾಗ ಬಂದರೆ ಇಲ್ಯುಮಿನೇಷನ್, ಅಂದರೆ ಕಿತ್ತಳೆ ವೈರಿಗೆ ಕೊಡಬೇಕಾದ ಲೈನ್. ಬರೆದುಕೊಂಡು, ಮತ್ತೆ ಮೈನಸ್ ಕಳಚಿ, ಆಮೇಲೆ ಜೋಡಿಸಿ.

ಹಳದಿ, ಕೆಂಪು ಅದಲು ಬದಲಾದರೆ ಏನೂ ಸುಡಲ್ಲ, ಆದರೆ ಪ್ರತಿ ಸಲ ಕೀಲಿ ತೆಗೆದಾಗ ಯೂನಿಟ್ಟಿಗೆ ಮರೆವು ಬರುತ್ತದೆ. ಗಡಿಯಾರ, ರೇಡಿಯೋ ಸ್ಟೇಷನ್ ಎಲ್ಲ ಹೊಸದಾಗಿ ಶುರು. ಎರಡನ್ನೂ ಬ್ಯಾಟರಿ ಲೈನಿಗೇ ಕೊಟ್ಟರೆ ಯೂನಿಟ್ ಆರುವುದೇ ಇಲ್ಲ, ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲ್ಲ. ಕೆಲವು ಯುರೋಪಿಯನ್ ಕಾರುಗಳಲ್ಲಿ ಈ ಎರಡು ಜಾಗ ಮೊದಲೇ ಅದಲು ಬದಲು ಇರುತ್ತವೆ. ಅದಕ್ಕೇ ಹಲವು ಅಡಾಪ್ಟರುಗಳಲ್ಲಿ ಈ ಎರಡು ವೈರಿನ ಮಧ್ಯೆ ಬಿಚ್ಚಿ ಹಾಕುವ ಕೊಂಡಿ ಇಟ್ಟಿರುತ್ತಾರೆ.

ಅರ್ತ್ ಮೇಲೆ ಗಮನ ಇರಲಿ. ಮೂಲ ಕಪ್ಲರಿನ ಅರ್ತ್ ಸಾಕಾಗುತ್ತದೆ. ಬೇರೆ ಕೊಡುವುದಾದರೆ ಡ್ಯಾಶ್‌ಬೋರ್ಡಿನ ಹಿಂದಿನ ಉಕ್ಕಿನ ತೊಲೆಯ ಮೇಲೆ ಬಣ್ಣ ಕೆರೆದು, ಬೋಲ್ಟ್ ಹಾಕಿ ಬಿಗಿಯಿರಿ. ಎಂಜಿನ್ ವೇಗ ಏರಿದ ಹಾಗೆ ಸ್ಪೀಕರಿನಲ್ಲಿ ‘ಕುಂಯ್’ ಅನ್ನುವ ಸದ್ದು ಏರಿದರೆ ಮೊದಲ ಅನುಮಾನ ಅರ್ತ್ ಮೇಲೇ.

ಸ್ಪೀಕರಿನ ಮೈನಸ್ ವೈರನ್ನು ಅರ್ತ್‌ಗೆ ಎಂದೂ ಕೊಡಬೇಡಿ. ಈಗಿನ ಯೂನಿಟ್‌ಗಳಲ್ಲಿ ಸ್ಪೀಕರಿನ ಎರಡೂ ತುದಿಗೆ ಸಿಗ್ನಲ್ ಇರುತ್ತದೆ, ಅರ್ತ್ ತಾಗಿದರೆ ಆ್ಯಂಪ್ಲಿಫೈಯರ್ ಐಸಿ ಸುಟ್ಟೀತು. ಪ್ಲಸ್ ಯಾವುದು, ಮೈನಸ್ ಯಾವುದು ಗೊತ್ತಾಗದಿದ್ದರೆ ಒಂದು ಹಳೇ ಉಪಾಯ ಇದೆ. ಸ್ಪೀಕರಿನ ಎರಡು ವೈರನ್ನು ಯೂನಿಟ್ಟಿನಿಂದ ಬಿಡಿಸಿ, 1.5 ವೋಲ್ಟಿನ ಪೆನ್‌ಸೆಲ್ಲಿಗೆ ಒಂದು ಕ್ಷಣ ತಾಗಿಸಿ. ಸ್ಪೀಕರಿನ ಕಾಗದ ಹೊರಗೆ ಉಬ್ಬಿದರೆ ಸೆಲ್ಲಿನ ಪ್ಲಸ್ ಕಡೆಯದೇ ಪ್ಲಸ್. ಇದು ತಲೆಕೆಳಗಾದರೆ ಹಾಡು ಕೇಳುತ್ತದೆ, ಆದರೆ ಮೃದಂಗದ ಗುಮಕಿ ಎಲ್ಲೋ ಮಾಯವಾಗಿರುತ್ತದೆ.

ಅಡಾಪ್ಟರ್ ಸಿಗದೆ ಜೋಡಿಸಲೇಬೇಕಾದಲ್ಲಿ ಬೆಸುಗೆ ಹಾಕಿ ಅಥವಾ ಕ್ರಿಂಪ್ ಮಾಡಿ, ಮೇಲೆ ಹೀಟ್ ಶ್ರಿಂಕ್ ಏರಿಸಿ. ಹಳದಿ ವೈರಿನ ಫ್ಯೂಸನ್ನು ತೆಗೆಯುವುದಾಗಲಿ, ದೊಡ್ಡದು ಹಾಕುವುದಾಗಲಿ ಮಾಡಬೇಡಿ. ಅದರ ಮೇಲೆ 10 ಅಥವಾ 15 ಆಂಪ್ ಅಂತ ಬರೆದಿರುತ್ತದೆ, ಅಷ್ಟೇ ಇರಲಿ.

ಜಿಪಿಎಸ್ ಆಂಟೆನಾ

ಡಬ್ಬಿಯಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಕಪ್ಪು ಚೌಕ ಸಿಗುತ್ತದೆ, ಕೆಳಗೆ ಅಯಸ್ಕಾಂತ, ಉದ್ದ ವೈರು. ಎಷ್ಟೋ ಕಡೆ ಹಾಕುವವರು ಇದನ್ನು ಯೂನಿಟ್ಟಿನ ಹಿಂದೆಯೇ ಸುರುಳಿ ಸುತ್ತಿ ತುರುಕಿಬಿಡುತ್ತಾರೆ. ಅಲ್ಲಿ ಮೇಲೂ ಲೋಹ, ಕೆಳಗೂ ಲೋಹ. ಆಕಾಶವೇ ಕಾಣದ ಆಂಟೆನಾ ಏನು ಹಿಡಿದೀತು?

ಒಳಗೆ ಇರುವುದು ಮೇಲ್ಮುಖವಾದ ಸೆರಾಮಿಕ್ ತಟ್ಟೆ. ಅದಕ್ಕೆ ಗಾಜು ಅಡ್ಡಿಯಲ್ಲ, ಪ್ಲಾಸ್ಟಿಕ್ ಅಡ್ಡಿಯಲ್ಲ, ಲೋಹ ಮಾತ್ರ ಅಡ್ಡಿ. ಹಾಗಾಗಿ ಮುಂದಿನ ಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡಿನ ಮೇಲೆ ಅಥವಾ ಅದರ ಪ್ಲಾಸ್ಟಿಕ್ಕಿನ ಸ್ವಲ್ಪ ಕೆಳಗೆ, ಅಕ್ಷರ ಇರುವ ಮುಖ ಮೇಲಾಗಿ ಸಮತಟ್ಟಾಗಿ ಕೂರಿಸಿ. ಜೊತೆಗೆ ಬರುವ ಸಣ್ಣ ತಗಡನ್ನು ಬಿಸಾಡಬೇಡಿ. ಅದು ಆಂಟೆನಾದ ಕೆಳಗೆ ಇದ್ದರೆ ಸಿಗ್ನಲ್ ಇನ್ನಷ್ಟು ಚೆನ್ನಾಗಿ ಸಿಗುತ್ತದೆ. ಏರ್‌ಬ್ಯಾಗಿನ ಮುಚ್ಚಳದ ಮೇಲೆ ಮಾತ್ರ ಇಡಬೇಡಿ. ವೈರನ್ನು ಬಾಗಿಲ ಪಕ್ಕದ ಕಂಬದೊಳಗೆ ತೂರಿಸುವ ಕಾರುಗಳಲ್ಲಿ, ಅಲ್ಲಿ ಕರ್ಟನ್ ಏರ್‌ಬ್ಯಾಗ್ ಇದ್ದರೆ ವೈರು ಅದರ ಹಿಂದಿನಿಂದ ಹೋಗಬೇಕು.

ಡ್ಯಾಶ್‌ಕ್ಯಾಮ್ ಇದ್ದರೆ ಅದರಿಂದ ದೂರ ಇಡಿ. ಅಗ್ಗದ ಡ್ಯಾಶ್‌ಕ್ಯಾಮ್, ಅಗ್ಗದ ಯುಎಸ್‌ಬಿ ಚಾರ್ಜರ್ ಎರಡೂ ಜಿಪಿಎಸ್ಸಿಗೆ ಗದ್ದಲ ಎಬ್ಬಿಸುತ್ತವೆ. ಜಿಪಿಎಸ್‌ನ ಎಲ್1 ಸಿಗ್ನಲ್ 1575.42 ಮೆಗಾಹರ್ಟ್ಸ್‌ನಲ್ಲಿ, ಸುಮಾರು 20 ಸಾವಿರ ಕಿ.ಮೀ. ಎತ್ತರದಿಂದ ಬರುತ್ತದೆ. ನೆಲ ಮುಟ್ಟುವಷ್ಟರಲ್ಲಿ ಅದು ತೀರಾ ಕ್ಷೀಣ, ಪಕ್ಕದಲ್ಲೇ ಕಿರುಚುವ ಚಾರ್ಜರಿನ ಮುಂದೆ ಕೇಳಿಸಲ್ಲ.

ಪ್ಯಾನೆಲ್ ಮುಚ್ಚುವ ಮುಂಚೆ ಪರೀಕ್ಷೆ ಮಾಡಿ. ಉಪಗ್ರಹಗಳನ್ನು ತೋರಿಸುವ ಜಿಪಿಎಸ್ ಟೆಸ್ಟ್ ತರಹದ ಆ್ಯಪ್ ಹಾಕಿ, ಕಾರನ್ನು ಮರ, ಕಟ್ಟಡ ಇಲ್ಲದ ಬಯಲಿಗೆ ತನ್ನಿ. ಆ್ಯಪಿನಲ್ಲಿ ಪ್ರತಿ ಉಪಗ್ರಹದ ಸಿಗ್ನಲ್ಲಿಗೂ ಒಂದು ಸಂಖ್ಯೆ ಇರುತ್ತದೆ. ಹಲವು ಉಪಗ್ರಹಗಳು 30ಕ್ಕಿಂತ ಮೇಲಿದ್ದು, ಕೆಲವು 40 ಮುಟ್ಟಿದರೆ ಆಂಟೆನಾ ಸರಿಯಾದ ಜಾಗದಲ್ಲಿದೆ. ಎಲ್ಲವೂ 20ರ ಸುತ್ತ ಒದ್ದಾಡುತ್ತಿದ್ದರೆ ಜಾಗ ಬದಲಿಸಿ. ಮೊದಲ ಸಲ ಕಾಲು ಗಂಟೆ ಬಿಡಿ. ಜಿಪಿಎಸ್ ಉಪಗ್ರಹ ತನ್ನ ಪೂರ್ತಿ ಪಟ್ಟಿ ಕಳಿಸುವುದಕ್ಕೇ 12.5 ನಿಮಿಷ ತೆಗೆದುಕೊಳ್ಳುತ್ತದೆ.

ಇಷ್ಟು ಮಾಡಿದರೂ ಎಕ್ಸ್‌ಪ್ರೆಸ್‌ವೇಯ ಸರ್ವಿಸ್ ರೋಡ್ ಗೊಂದಲ ಪೂರ್ತಿ ಹೋಗಲ್ಲ. ತುಂಬಾ ಕಡಿಮೆ ಆಗುತ್ತದೆ ಅಷ್ಟೇ. ಅದಕ್ಕೆ ಇನ್ನೊಂದು ಉಪಾಯ ಮ್ಯಾಪಿನ ಭಾಗದಲ್ಲಿ ಹೇಳುತ್ತೇನೆ.

ರಿವರ್ಸ್ ಕ್ಯಾಮೆರಾ, ಸ್ಟೇರಿಂಗ್ ಗುಂಡಿ

ಕ್ಯಾಮೆರಾಗೆ ಕರೆಂಟ್ ರಿವರ್ಸ್ ಲೈಟಿನಿಂದ. ಚಿತ್ರದ ಹಳದಿ ಕೇಬಲ್ ಮುಂದಕ್ಕೆ ಬರಬೇಕು. ಅದರ ಜೊತೆಗಿರುವ ತೆಳ್ಳನೆ ಕೆಂಪು ವೈರನ್ನು ಹಿಂದೆ ರಿವರ್ಸ್ ಲೈಟಿನ ಪ್ಲಸ್‌ಗೆ, ಮುಂದೆ ಯೂನಿಟ್ಟಿನ ‘ಬ್ಯಾಕ್’ ಅಥವಾ ‘ರಿವರ್ಸ್’ ಅಂತ ಚೀಟಿ ಇರುವ ವೈರಿಗೆ ಕೊಟ್ಟರೆ ಗೇರ್ ಬಿದ್ದ ತಕ್ಷಣ ಚಿತ್ರ ಬರುತ್ತದೆ. ಡಿಕ್ಕಿ ಬಾಗಿಲಿಗೆ ವೈರು ದಾಟಿಸುವಾಗ ಅಲ್ಲಿರುವ ರಬ್ಬರ್ ಕೊಳವೆಯೊಳಗಿಂದಲೇ ಹೋಗಲಿ. ಹೊರಗಿನಿಂದ ಎಳೆದರೆ ಬಾಗಿಲು ಹಾಕಿ ತೆಗೆದು ವೈರು ತುಂಡಾಗುತ್ತದೆ, ಮಳೆ ನೀರೂ ಒಳಗೆ ಬರುತ್ತದೆ. ಚಿತ್ರ ಎಡಬಲ ತಿರುಗಿ ಕಂಡರೆ ಸೆಟ್ಟಿಂಗ್ಸ್‌ನಲ್ಲಿ ಮಿರರ್ ಬದಲಿಸಿ.

ಹಳೇ ಕಾರಿನ ಸ್ಟೇರಿಂಗ್ ಗುಂಡಿಗಳು ಯೂನಿಟ್ಟಿನ ಕೀ 1, ಕೀ 2 ವೈರಿಗೆ ಹೋಗುತ್ತವೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಒಂದೊಂದೇ ಗುಂಡಿ ಒತ್ತಿ ಕಲಿಸಬೇಕು. ಐದು ನಿಮಿಷದ ಕೆಲಸ.

ಹ್ಯಾಂಡ್‌ಬ್ರೇಕ್ ವೈರು ಅಂತ ಒಂದಿರುತ್ತದೆ. ಅದನ್ನು ನೇರ ಅರ್ತ್‌ಗೆ ಕೊಟ್ಟರೆ ಓಡಿಸುವಾಗಲೂ ವಿಡಿಯೋ ಬರುತ್ತದೆ, ಅಂಗಡಿಗಳಲ್ಲಿ ಕೇಳದೆಯೇ ಮಾಡಿಕೊಡುತ್ತಾರೆ. ಬೇಡ ಅನ್ನಿ. ದಾರಿ ನೋಡುವುದಕ್ಕೆ ಬಿಟ್ಟು ಬೇರೆ ವಿಡಿಯೋವನ್ನು ಓಡಿಸುವಾಗ ಚಾಲಕರು ನೋಡುವಂತಿಲ್ಲ ಅಂತ 2017ರ ಮೋಟಾರು ವಾಹನ ಚಾಲನಾ ನಿಯಮದಲ್ಲೇ ಇದೆ.

ಕೂರಿಸುವುದು, ಸೆಟ್ಟಿಂಗ್ಸ್

ಯೂನಿಟ್ಟನ್ನು ತೊಡೆಯ ಮೇಲಿಟ್ಟುಕೊಂಡೇ ಎಲ್ಲ ಜೋಡಿಸಿ, ಬ್ಯಾಟರಿ ಮೈನಸ್ ಹಾಕಿ, ಯೂನಿಟ್ಟನ್ನು ಒಮ್ಮೆ ಆನ್ ಮಾಡಿ ನೋಡಿ. ಸ್ಪೀಕರ್ ನಾಲ್ಕೂ, ರೇಡಿಯೋ, ಕ್ಯಾಮೆರಾ, ಮೈಕು, ಹಾರ್ನು, ಹಜಾರ್ಡ್ ಎಲ್ಲ ನೋಡಿಕೊಂಡು ಆಮೇಲೆ ಒಳಗೆ ತಳ್ಳಿ. ಯೂನಿಟ್ಟಿನ ಹಿಂದಿನ ಅಲ್ಯೂಮಿನಿಯಂ ಹೀಟ್‌ಸಿಂಕಿಗೆ ವೈರಿನ ಕಂತೆ ಒತ್ತಬಾರದು. ಕಂತೆಯನ್ನು ಕೆಳಗೆ ಇಳಿಬಿಟ್ಟು ಜಿಪ್ ಟೈ ಹಾಕಿ, ಗಡಗಡ ಸದ್ದು ಬರದ ಹಾಗೆ ಬಟ್ಟೆ ಟೇಪು ಸುತ್ತಿ.

ರೇಡಿಯೋದಲ್ಲಿ ಒಂದು ತಮಾಷೆ ಆಗುತ್ತದೆ. ಹೊಸ ಯೂನಿಟ್ಟಿನಲ್ಲಿ ಆಕಾಶವಾಣಿ ಮೈಸೂರು ಹುಡುಕಿದರೆ 100.5 ಬರುತ್ತದೆ, 100.7 ಬರುತ್ತದೆ, ನಡುವಿನ 100.6 ಬರುವುದೇ ಇಲ್ಲ. ರೇಡಿಯೋದ ಪ್ರದೇಶ ಅಮೆರಿಕಕ್ಕೆ ಇಟ್ಟಿರುತ್ತಾರೆ, ಅಲ್ಲಿ ಎಫ್‌ಎಂ ಸ್ಟೇಷನ್‌ಗಳೆಲ್ಲ ಬೆಸ ಅಂಕಿಯಲ್ಲೇ ಇರುವುದು. ಯುರೋಪಿಗೋ ಏಷ್ಯಾಕ್ಕೋ ಬದಲಿಸಿ. ಆಮೇಲೂ ಕರಕರ ಅಂದರೆ ನೀಲಿ ವೈರು ನೋಡಿ. ಆಂಟೆನಾದೊಳಗೆ ಪುಟ್ಟ ಆ್ಯಂಪ್ಲಿಫೈಯರ್ ಇರುವ ಕಾರುಗಳಲ್ಲಿ ಅದಕ್ಕೆ ಕರೆಂಟ್ ಹೋಗದಿದ್ದರೆ ರೇಡಿಯೋ ಊರು ದಾಟುವ ಮೊದಲೇ ಸುಮ್ಮನಾಗುತ್ತದೆ.

ಕಿತ್ತಳೆ ವೈರು ಕೊಟ್ಟಿದ್ದೀರಾ ಅಂತ ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳಿ. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ ಜಿಲ್ಲೆಯ ರಸ್ತೆಗಳಲ್ಲಿ ರಾತ್ರಿ ಹೋದವರಿಗೆ ಕಾರಣ ಹೇಳಬೇಕಿಲ್ಲ. ಹಿಂದೆ ಕೆಂಪು ದೀಪವೂ ಇಲ್ಲದೆ, ರಿಫ್ಲೆಕ್ಟರೂ ಇಲ್ಲದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ನಿಂತಿರುತ್ತದೆ. ಪಕ್ಕದಲ್ಲಿ 10 ಇಂಚಿನ ಬಿಳೀ ಪರದೆ ಉರಿಯುತ್ತಿದ್ದರೆ ಕಣ್ಣು ಆ ಕತ್ತಲಿಗೆ ಹೊಂದಿಕೊಳ್ಳುವುದೇ ಇಲ್ಲ. ರಾತ್ರಿಯ ಬೆಳಕನ್ನು ಪೂರ್ತಿ ಕೆಳಗೆ ಇಳಿಸಿ, ಮ್ಯಾಪನ್ನು ಡಾರ್ಕ್ ಮೋಡಿಗೆ ಹಾಕಿ.

ಮ್ಯಾಪ್

ಗೂಗಲ್ ಮ್ಯಾಪ್ಸ್, ಮ್ಯಾಪಲ್ಸ್ ಎರಡರಲ್ಲಿ ಯಾವುದಾದರೂ ಸರಿ. ಜೊತೆಗೆ ಇಂಟರ್ನೆಟ್ ಇಲ್ಲದೆಯೂ ನಡೆಯುವ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್‌ಮ್ಯಾಂಡ್‌ನಲ್ಲಿ ಕರ್ನಾಟಕದ ಮ್ಯಾಪ್ ಇಳಿಸಿಟ್ಟುಕೊಳ್ಳಿ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿಗೆ ಹೊಕ್ಕರೆ ಮೊಬೈಲ್ ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು. ಜಿಪಿಎಸ್ಸಿಗೆ ಇಂಟರ್ನೆಟ್ ಬೇಡ, ಮ್ಯಾಪಿನ ಚಿತ್ರಕ್ಕೆ ಬೇಕು. ಬಂಡೀಪುರದೊಳಗಿನ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಅನ್ನುವುದನ್ನು ಮಾತ್ರ ಮ್ಯಾಪ್ ಹೇಳುತ್ತದೆ ಅಂತ ಕಾಯಬೇಡಿ. ಇಳಿಸಿಟ್ಟ ಮ್ಯಾಪ್ ಅಂತೂ ಸೀದಾ ಚೆಕ್‌ಪೋಸ್ಟಿನ ಗೇಟಿಗೆ ತಂದು ನಿಲ್ಲಿಸೀತು. ದಸರಾ ವೇಳೆಯೂ ಅಷ್ಟೇ. ಸಯ್ಯಾಜಿರಾವ್ ರಸ್ತೆ, ಅರಮನೆ ಸುತ್ತ ಪೊಲೀಸರು ಏಕಮುಖ ಸಂಚಾರ ಮಾಡಿದ್ದು ಮ್ಯಾಪಿಗೆ ತಿಳಿಯುವಷ್ಟರಲ್ಲಿ ನೀವು ಬ್ಯಾರಿಕೇಡಿನ ಮುಂದೆ ಇರುತ್ತೀರಿ.

ಈಗ ಸರ್ವಿಸ್ ರೋಡಿನ ಉಪಾಯ. ಹೊರಡುವ ಮುಂಚೆ ದಾರಿಯನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ, ಎಕ್ಸ್‌ಪ್ರೆಸ್‌ವೇಗೆ ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಅಂತ ತಲೆಯಲ್ಲಿಟ್ಟುಕೊಳ್ಳಿ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಇಷ್ಟಕ್ಕೂ ಬೈಪಾಸ್ ಇದೆ. ಮಂಡ್ಯ ಊರೊಳಗೆ ಹೋಗಬೇಕಾದವರು ಬೈಪಾಸ್ ಶುರುವಾಗುವ ಮೊದಲೇ ಇಳಿಯದಿದ್ದರೆ ಆಚೆ ತುದಿಯಿಂದ ಸುತ್ತಿ ಬರಬೇಕು. ಇಳಿಯುವ ಜಾಗಕ್ಕೆ ಮ್ಯಾಪಿನಲ್ಲಿ ಒಂದು ನಿಲ್ದಾಣ ಸೇರಿಸಿಬಿಡಿ. ನಡುವೆ ಮ್ಯಾಪ್ ಎಷ್ಟೇ ಗೊಂದಲ ಮಾಡಿಕೊಂಡರೂ ನಿಮಗೆ ಗೊತ್ತಿರುತ್ತದೆ. ದಾರಿ ತಪ್ಪಿದರೂ ಮೇನ್ ರೋಡಿನಲ್ಲಿ ರಿವರ್ಸ್ ಹಾಕಬೇಡಿ, ಅಲ್ಲಿ ಕಾರುಗಳು ಗಂಟೆಗೆ 100 ಕಿ.ಮೀ.ನಲ್ಲಿ ಬರುತ್ತಿರುತ್ತವೆ.

ಇನ್ನೊಂದು ಎಚ್ಚರಿಕೆ ಮಂಡ್ಯ, ಪಾಂಡವಪುರ ಕಡೆಗೆ ಹೊಸಬರಾಗಿ ಬರುವವರಿಗೆ. ಮ್ಯಾಪ್ ಎರಡು ಕಿ.ಮೀ. ಉಳಿಸೋಕೆ ಹೋಗಿ ನಾಲೆ ಏರಿಯ ರಸ್ತೆ ಹಿಡಿಸೀತು. ವಿಶ್ವೇಶ್ವರಯ್ಯ ನಾಲೆಯ ಎಷ್ಟೋ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಉರುಳಿ 30 ಜನ ಸತ್ತರು, ಅದು ಹಾಡುಹಗಲು. ರಾತ್ರಿ ಹೊತ್ತು ದಾರಿಯ ಪಕ್ಕದಲ್ಲೇ ನೀಲಿ ಗೆರೆ ಉದ್ದಕ್ಕೆ ಬರುತ್ತಿದೆ ಅಂತ ಪರದೆಯಲ್ಲಿ ಕಂಡರೆ ಆ ದಾರಿ ಬಿಡಿ, ಮುಖ್ಯ ರಸ್ತೆಯ ಯಾವುದಾದರೂ ಊರನ್ನು ನಡುವಿನ ನಿಲ್ದಾಣವಾಗಿ ಹಾಕಿ.

ಬ್ಯಾಟರಿ ಇಳಿಯುತ್ತಿದ್ದರೆ

ಈ ಯೂನಿಟ್‌ಗಳು ಕೀಲಿ ತೆಗೆದ ಮೇಲೆ ಪೂರ್ತಿ ಆರುವುದಿಲ್ಲ, ನಿದ್ದೆಗೆ ಹೋಗುತ್ತವೆ. ಮತ್ತೆ ಕೀಲಿ ಹಾಕಿದಾಗ ಬೇಗ ಏಳುವುದಕ್ಕೆ. ದಿನಾ ಓಡುವ ಕಾರಿಗೆ ತೊಂದರೆ ಇಲ್ಲ. ವಾರಗಟ್ಟಲೆ ನಿಲ್ಲುವ ಕಾರಾದರೆ ಸೆಟ್ಟಿಂಗ್ಸ್‌ನಲ್ಲಿ ಕೆಲವು ಗಂಟೆಗಳಾದ ಮೇಲೆ ಪೂರ್ತಿ ಆಫ್ ಆಗುವಂತೆ ಇಡಿ.

ಅನುಮಾನ ಇದ್ದರೆ ಅಳೆಯಿರಿ. ಬ್ಯಾಟರಿ ಮೈನಸ್ ಕಳಚಿ, ಮಲ್ಟಿಮೀಟರನ್ನು 10 ಆಂಪ್ ತೂತಿಗೆ ಹಾಕಿ, ಒಂದು ಮುಳ್ಳು ಮೈನಸ್ ಕೇಬಲಿಗೆ, ಇನ್ನೊಂದು ಬ್ಯಾಟರಿಯ ಮೈನಸ್ ತುದಿಗೆ. ಬಾಗಿಲು ಮುಚ್ಚಿ, ಅರ್ಧ ಗಂಟೆ ಬಿಟ್ಟು ನೋಡಿ. 50 ಮಿಲಿಆಂಪ್ ಒಳಗೆ ಇದ್ದರೆ ಸರಿ. 200, 300 ತೋರಿಸಿದರೆ ಯೂನಿಟ್ಟಿನ ಫ್ಯೂಸ್ ತೆಗೆದು ಮತ್ತೆ ನೋಡಿ. ಆಗ ಇಳಿದರೆ ಕಳ್ಳ ಅದೇ. ಎಸಿಸಿ ವೈರು ತಪ್ಪು ಲೈನಿಗೆ ಹೋಗಿದೆಯಾ ಅಂತ ಮೊದಲು ನೋಡಿ, ಆಮೇಲೆ ಕ್ಯಾನ್‌ಬಸ್ ಡಬ್ಬಿ. ಮೀಟರ್ ಹೀಗೆ ಸಿಕ್ಕಿಸಿರುವಾಗ ಕಾರು ಮಾತ್ರ ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ, ಫ್ಯೂಸ್ ಇಲ್ಲದ ಅಗ್ಗದ ಮೀಟರಾದರೆ ಮೀಟರೇ ಸುಟ್ಟೀತು.

ಬೇರೆಯವರ ಹತ್ತಿರ ಹಾಕಿಸುವುದಾದರೆ

ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ. ನನ್ನ ಕಾರಿನ ಕಪ್ಲರ್ ಅಡಾಪ್ಟರ್ ಇದೆಯಾ? ಜಿಪಿಎಸ್ ಆಂಟೆನಾ ಎಲ್ಲಿ ಇಡುತ್ತೀರಿ? ಮೂಲ ವೈರು ಕತ್ತರಿಸುತ್ತೀರಾ? ಮೂರನೆಯದಕ್ಕೆ ‘ಏನೂ ಆಗಲ್ಲ ಸಾರ್’ ಅನ್ನುವ ಉತ್ತರ ಬಂದರೆ ಬೇರೆ ಅಂಗಡಿ ನೋಡಿ. ಕಾರಿಗೆ ವಾರಂಟಿ ಇನ್ನೂ ಇದ್ದರೆ, ಕತ್ತರಿಸಿದ ವೈರು ತೋರಿಸಿ ಎಲೆಕ್ಟ್ರಿಕಲ್ ದೂರನ್ನೆಲ್ಲ ತಳ್ಳಿಹಾಕಲು ಅವಕಾಶ ಕೊಟ್ಟಂತೆ. ಕೆಲಸ ನಡೆಯುವಾಗ ಕಾಫಿಗೆ ಹೋಗದೆ ಅಲ್ಲೇ ನಿಂತಿರಿ. ಬಿಚ್ಚಿದ ಹಳೇ ಸ್ಟೀರಿಯೋ, ಅದರ ಫ್ರೇಮ್, ಸ್ಕ್ರೂ ಎಲ್ಲವನ್ನೂ ಕೇಳಿ ತೆಗೆದುಕೊಂಡು ಮನೆಯ ಅಟ್ಟದಲ್ಲಿ ಇಡಿ. ಕಾರು ಮಾರುವ ದಿನ ಹಳೇದನ್ನು ಅದೇ ಕಪ್ಲರಿಗೆ ಸಿಕ್ಕಿಸಿ, ಹೊಸ ಪರದೆಯನ್ನು ಬಿಚ್ಚಿ ಇಟ್ಟುಕೊಳ್ಳಬಹುದು. ಮುಂದಿನ ಕಾರಿಗೆ ಫ್ರೇಮ್, ಅಡಾಪ್ಟರ್ ಎರಡನ್ನು ಕೊಂಡರೆ ಸಾಕು.